ಹೊಳೆ ದಾಟಿದ ಹೆಪ್ಪು

ಇಳಿಯಬೇಕಾದವರ ಸಕ್ಕರೆ ಇಳಿದಿತ್ತು, ಅದು ಸರಿಯೇ. ಆದರೆ ಇಳಿಯಬಾರದವರದ್ದೂ ಇಳಿದಿತ್ತು. ಪರದೆಯ ಮೇಲಿನ ಅಂಕಿಗಳನ್ನು ರಜಿಯಾ ನದಾಫ ಮತ್ತೆ ಮೇಲಿನಿಂದ ಓದಿದಳು.

ರಾಯಚೂರಿನ ಹೊರವಲಯದ ಸಂಶೋಧನಾ ಕೇಂದ್ರದಲ್ಲಿ ಅವಳು ಸೂಕ್ಷ್ಮಜೀವಿಗಳ ವಿಜ್ಞಾನಿ. ಕೃಷ್ಣಾ ಹೊಳೆಯ ನಡುವಿನ ನೀರಲಗಡ್ಡಿ ಎಂಬ ನಡುಗಡ್ಡೆಯಲ್ಲಿ ಅವಳ ತಂಡದ ಪ್ರಯೋಗ ನಡೆದಿತ್ತು. ಸೇರಲು ಒಪ್ಪಿದ ಅಲ್ಲಿನ ಸಕ್ಕರೆ ಕಾಯಿಲೆಯವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧದ ಹೆಪ್ಪು, ಇನ್ನೊಂದಕ್ಕೆ ಬರೀ ಹೆಪ್ಪು ಕೊಟ್ಟಿದ್ದರು. ಎರಡನ್ನೂ ಹೋಲಿಸಿದಾಗ ತಾನೇ ಔಷಧದ ಬಲ ಗೊತ್ತಾಗುವುದು. ಈಗ ಹೋಲಿಸುವುದಕ್ಕೆ ಏನೂ ಉಳಿದಿರಲಿಲ್ಲ. ಬರೀ ಮೊಸರು ಉಂಡವರು ಔಷಧದ ಮೊಸರು ಉಂಡವರಷ್ಟೇ ಗಟ್ಟಿಮುಟ್ಟಾಗಿದ್ದರು.

"ಯಂತ್ರ ಕೆಟ್ಟಿರಬೇಕು ಕಣಮ್ಮ, ಇನ್ನೊಂದ್ಸಲ ಹಾಕು" ಎಂದರು ಪ್ರೊಫೆಸರ್ ಗೋವರ್ಧನ. ಅವರು ಮೈಸೂರು ಕಡೆಯವರು, ಕೇಂದ್ರದ ಮುಖ್ಯಸ್ಥರು, ನಿಯಮಕ್ಕೆ ಕಟ್ಟುಬಿದ್ದ ಮನುಷ್ಯ. ರಜಿಯಾ ಇನ್ನೊಮ್ಮೆ ಹಾಕಿದಳು. ಅಂಕಿಗಳು ಅವೇ ಬಂದವು.

ಆ ಹೆಪ್ಪನ್ನು ಮಾಡಿದ ಬಗೆ ಹೀಗಿತ್ತು. ಹಾಲನ್ನು ಮೊಸರು ಮಾಡುವ ಜೀವಾಣುಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಇಲ್ಲದ ವಿದ್ಯೆಯೊಂದನ್ನು ಕಲಿಸಿದ್ದರು. ಮೊಸರಿನ ಜೊತೆ ಹೊಟ್ಟೆಗಿಳಿದ ಆ ಜೀವಾಣು ಕರುಳಿನಲ್ಲಿ ಒಂದೆರಡು ದಿನ ತಂಗುತ್ತದೆ. ಉಂಡ ಅನ್ನದ ಸಕ್ಕರೆ ಬಂದು ತಾಕಿದಾಗ ಒಂದು ಪುಟ್ಟ ಪ್ರೋಟೀನನ್ನು ಬಿಡುತ್ತದೆ. ಆ ಪ್ರೋಟೀನು ರಕ್ತಕ್ಕೆ ಸೇರಿ, ದಣಿದು ಕೂತ ಮೇದೋಜೀರಕ ಗ್ರಂಥಿಯನ್ನು ಎಬ್ಬಿಸಿ ಇನ್ಸುಲಿನ್ ಬಿಡಿಸುತ್ತದೆ. ಸಕ್ಕರೆ ಬಾರದಿದ್ದರೆ ತೆಪ್ಪಗಿರುತ್ತದೆ. ಹುಟ್ಟಿನಿಂದಲೋ ಎಳವೆಯಿಂದಲೋ ಇನ್ಸುಲಿನ್ನೇ ಇಲ್ಲದವರಿಗೆ ಇದು ನಡೆಯುವುದಿಲ್ಲ. ಅವರಿಗೆ ಸೂಜಿಯೇ ಗತಿ. ಆದರೆ ನಡುವಯಸ್ಸಿನಲ್ಲಿ ಸಕ್ಕರೆ ಹತ್ತಿಸಿಕೊಂಡ ಸಾವಿರಾರು ಜನಕ್ಕೆ ಫ್ರಿಜ್ಜು ಬೇಡದ, ಅಂಗಡಿ ಬೇಡದ, ಮನೆಯಲ್ಲೇ ದಿನಾ ಹುಟ್ಟುವ ಔಷಧ ಅದು. ಹೊಳೆ ತುಂಬಿದರೆ ತಿಂಗಳುಗಟ್ಟಲೆ ಗುಳಿಗೆಯ ಮುಖ ಕಾಣದ, ಗಾಳಿ ಎದ್ದರೆ ಡ್ರೋನೂ ಇಳಿಯದ ನೀರಲಗಡ್ಡಿಯನ್ನು ಆರಿಸಿದ್ದು ಅದಕ್ಕೇ.

ಜೀವ ಇರುವ ಔಷಧವೆಂದರೆ ಬೆಳೆಯುವ ಔಷಧ. ಬೆಳೆಯುವುದಕ್ಕೆ ಅಂಕೆ ಬೇಕು. ಹಾಗಾಗಿ ಗೋವರ್ಧನರು ಅದಕ್ಕೊಂದು ಬೀಗ ಹಾಕಿದ್ದರು. ಬದುಕಲು ಬೇಕಾದ ಒಂದು ಪೋಷಕಾಂಶವನ್ನು ಆ ಜೀವಾಣು ತಾನಾಗಿ ಮಾಡಿಕೊಳ್ಳಲಾರದು. ಅದನ್ನು ಬಿಳಿ ಪುಡಿ ಮಾಡಿ ಡಬ್ಬಿಯಲ್ಲಿ ಕೊಟ್ಟಿದ್ದರು. ದಿನಾ ಹಾಲಿಗೆ ಒಂದು ಚಿಟಿಕೆ ಹಾಕಬೇಕು. ಹಾಕದಿದ್ದರೆ ನಾಲ್ಕಾರು ಸಲ ಹೆಪ್ಪು ಕೊಡುವುದರೊಳಗೆ ಔಷಧ ಸತ್ತು ಬರೀ ಮೊಸರು ಉಳಿಯುತ್ತದೆ. ಪುಡಿ ಕೇಂದ್ರದ ಕೈಯಲ್ಲಿದ್ದಷ್ಟು ದಿನ ಔಷಧವೂ ಕೇಂದ್ರದ ಕೈಯಲ್ಲೇ.

"ನಾನೇ ಹೋಗಿ ನೋಡಿ ಬರ್ತೀನಿ ಸರ್" ಎಂದಳು ರಜಿಯಾ.

ಮೇಲಿನ ಅಣೆಕಟ್ಟಿನಿಂದ ನೀರು ಬಿಡುವರೆಂಬ ಸುದ್ದಿ ಇದ್ದುದರಿಂದ ಅವಳು ಬೆಳಿಗ್ಗೆಯೇ ದಡ ಸೇರಿದಳು. ಅಂಬಿಗರ ಆದೆಪ್ಪ ಹರಿಗೋಲು ತಂದು ನಿಲ್ಲಿಸಿದ್ದ. ಐವತ್ತು ದಾಟಿದ ಗಟ್ಟಿ ಆಳು. ಹುಟ್ಟು ಹಾಕುತ್ತಾ ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುವುದು ಅವನ ರೂಢಿ. ಅಂದು ಮಾತೇ ಇರಲಿಲ್ಲ. ಹೊಳೆಯ ನಟ್ಟನಡುವೆ ಬಂದಾಗ ರಜಿಯಾ ಗಮನಿಸಿದಳು: ಅವನ ಅಂಗಿ ನೀರಲ್ಲಿ ಅದ್ದಿ ತೆಗೆದಂತೆ ತೊಯ್ದಿತ್ತು. ಹರಿಗೋಲು ನಿಂತಲ್ಲೇ ಬುಗುರಿಯಂತೆ ಸುತ್ತುತ್ತಿತ್ತು.

"ಆದೆಪ್ಪ, ಯಾಕ, ಸುಳಿ ಅದ ಏನು ಇಲ್ಲಿ?"

"ಎಮ್ಮಿ ಎತ್ತಾಗ ಹೋದ್ವು?" ಎಂದ ಅವನು, ಅವಳ ಹಿಂದೆ ಎಲ್ಲೋ ನೋಡುತ್ತಾ. ನಾಲಗೆ ತೊದಲುತ್ತಿತ್ತು. ಕೈಯಿಂದ ಹುಟ್ಟು ಜಾರಿತು. ರಜಿಯಾ ಬಗ್ಗಿ ಅದನ್ನು ಹಿಡಿಯದಿದ್ದರೆ ಹೊಳೆ ಒಯ್ಯುತ್ತಿತ್ತು.

ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಸಕ್ಕರೆ ಏರಿದವನ ಲಕ್ಷಣವಲ್ಲ ಇದು. ಪಾತಾಳಕ್ಕೆ ಇಳಿದವನ ಲಕ್ಷಣ. ಚೀಲದಲ್ಲಿ ಪರೀಕ್ಷೆಗೆಂದು ತಂದ ಗ್ಲೂಕೋಸ್ ಪುಡಿಯ ಪೊಟ್ಟಣಗಳಿದ್ದವು. ಹಲ್ಲಿನಿಂದ ಹರಿದು ನೀರಿನ ಬಾಟಲಿಗೆ ಸುರಿದಳು. ಒಂದು ಕೈಯಿಂದ ಅವನ ಹೆಗಲು ಹಿಡಿದು ಇನ್ನೊಂದು ಕೈಯಿಂದ ಬಾಟಲಿಯನ್ನು ತುಟಿಗಿಟ್ಟಳು.

"ಕುಡಿ. ನನ್ನ ಕಡೆ ನೋಡು ಆದೆಪ್ಪ. ನುಂಗು."

ಪುಣ್ಯಕ್ಕೆ ನುಂಗುವಷ್ಟು ಎಚ್ಚರವಿತ್ತು. ಅವನು ಗುಟುಕು ಗುಟುಕಾಗಿ ಕುಡಿಯುತ್ತಿರುವಾಗ ಹರಿಗೋಲು ಕೆಳಕ್ಕೆ ಸಾಗುತ್ತಲೇ ಇತ್ತು. ರಜಿಯಾ ಹುಟ್ಟು ಹಾಕಲು ನೋಡಿದಳು, ಹಾಕಿದಷ್ಟೂ ಸುತ್ತಿತು. ಕಡೆಗೆ ಒಂದು ಮರಳುದಿಬ್ಬದ ಅಂಚಿಗೆ ಬೆಳೆದ ಆಪಿನ ಹುಲ್ಲಿಗೆ ತಾಗಿತು. ಅವಳು ಎರಡೂ ಕೈಯಿಂದ ಆ ಹುಲ್ಲನ್ನು ಬಾಚಿ ಹಿಡಿದಳು. ಅಂಗೈ ಕೊಯ್ದು ರಕ್ತ ಬಂದರೂ ಬಿಡಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ.

"ಮೇಡಮ್ಮಾರ" ಎಂದು ಹಿಂದಿನಿಂದ ದನಿ ಬಂತು. "ಆಪು ಯಾಕ ಹಿಡ್ಕೊಂಡು ಕುಂತೀರಿ?"

ತಿರುಗಿ ನೋಡಿದರೆ ಆದೆಪ್ಪನ ಕಣ್ಣು ತಿಳಿಯಾಗಿದ್ದವು. ರಜಿಯಾಳಿಗೆ ನಗು ಬಂತು. ಅವನ ಬೆರಳು ಚುಚ್ಚಿ ನೋಡಿದಳು. ಅಷ್ಟು ಕುಡಿದ ಮೇಲೂ ಸಕ್ಕರೆ ಕಡಿಮೆಯೇ ಇತ್ತು.

"ಮುಂಜಾನಿ ಏನ್ ಉಂಡಿ?"

"ರೊಟ್ಟಿ, ಮೊಸರು. ಗುಳಿಗಿ ನುಂಗೀನ್ರಿ." ಜೇಬಿನಿಂದ ತೆಗೆದು ತೋರಿಸಿದ. ಆಚೆ ದಡದ ಸಂತೆಯಲ್ಲಿ ಯಾರೋ ಕೊಟ್ಟ ಹಳೆಯ ಕಾಲದ ಜೋರು ಗುಳಿಗೆ. ಸಕ್ಕರೆ ಇರಲಿ ಬಿಡಲಿ, ದಿನವಿಡೀ ಇನ್ಸುಲಿನ್ ಹಿಂಡಿಸುವಂಥದ್ದು.

"ಮೊಸರು ಯಾರ ಮನಿದು?"

"ನಮ್ಮನಿದೇ. ಹೆಪ್ಪು ನಮ್ಮ ಅತ್ತಿಗಿ ಕೊಟ್ಟಿದ್ದು." ಆದೆಪ್ಪ ಹುಟ್ಟನ್ನು ಕೈಗೆ ತೆಗೆದುಕೊಂಡ. "ಊರಾಗ ಎಲ್ಲಾರ ಮನ್ಯಾಗೂ ಅದೇ ಹೆಪ್ಪು ಅದಲ್ರಿ. ನಿಮ್ಮದೇ."

ಆದೆಪ್ಪನಿಗೂ ಸಕ್ಕರೆ ಕಾಯಿಲೆಯಿತ್ತು, ಆದರೆ ಪ್ರಯೋಗದ ಎರಡು ಗುಂಪಿನಲ್ಲೂ ಅವನು ಇರಲಿಲ್ಲ. ಮೊಸರು ಅವನ ಸಕ್ಕರೆಯನ್ನು ಹದಕ್ಕೆ ತಂದಿತ್ತು. ಹದಕ್ಕೆ ಬಂದವನ ಮೇಲೆ ಗುಳಿಗೆ ತನ್ನ ಹಳೆಯ ಹೊಡೆತವನ್ನೇ ಹೊಡೆದಿತ್ತು.

ನೀರಲಗಡ್ಡಿಯ ಎರಡು ಕೋಣೆಯ ಆರೋಗ್ಯ ಕೇಂದ್ರಕ್ಕೆ ಅಮರೇಶ ಎಂಬ ತರುಣ ನರ್ಸೇ ದಿಕ್ಕು. ಆದೆಪ್ಪನನ್ನು ಅವನಿಗೆ ಒಪ್ಪಿಸಿ ರಜಿಯಾ ಹೇಳಿದಳು: "ಆ ಗುಳಿಗಿ ಇನ್ನೂ ಮೈಯಾಗ ಅದ. ಒಮ್ಮೆ ಏರಿದ ಸಕ್ರಿ ಮತ್ತ ಇಳೀತದ. ನಾಳಿತನಕ ಕಣ್ಣಿಟ್ಟು ಉಣಿಸ್ತಾ ಇರಬೇಕು." ಅಮರೇಶ ಬೆಲ್ಲದ ಗಂಜಿ ಕಾಯಿಸಲು ಇಟ್ಟ.

ಅಲ್ಲಿಂದ ರಜಿಯಾ ನೇರ ಹೋದದ್ದು ಆದೆಪ್ಪನ ಅತ್ತಿಗೆ ಹುಲಿಗೆಮ್ಮಳ ಮನೆಗೆ. ಔಷಧದ ಹೆಪ್ಪು ಪಡೆದವರಲ್ಲಿ ಮೊದಲನೆಯವಳು ಅವಳೇ. ಎರಡು ಎಮ್ಮೆ ಕಟ್ಟಿಕೊಂಡ, ದನಿ ದೊಡ್ಡದಿರುವ, ಊರಲ್ಲಿ ಯಾರ ಮನೆಯ ಬಾಣಂತನವೂ ತನ್ನನ್ನು ಬಿಟ್ಟು ಆಗಬಾರದೆನ್ನುವ ಹೆಂಗಸು. ಮೂರು ವರ್ಷ ಆರದೆ ಇದ್ದ ಅವಳ ಕಾಲಿನ ಹುಣ್ಣು ಈ ಮೊಸರು ಉಂಡ ಮೇಲೆ ಆರಿತ್ತು.

"ಹುಲಿಗೆಮ್ಮ, ಹೆಪ್ಪು ಯಾರ್ ಯಾರಿಗೆ ಕೊಟ್ಟೀರಿ?"

"ಯಾರಿಗೆ ಕೊಟ್ಟಿಲ್ಲ ಅಂತ ಕೇಳ್ರಿ, ಲಗೂ ಮುಗೀತದ" ಎಂದು ಹುಲಿಗೆಮ್ಮ ನಕ್ಕಳು. "ಬಟ್ಟಲಾ ಹಿಡ್ಕೊಂಡು ಬಾಗಲಿಗೆ ಬಂದವರಿಗೆ ಹೆಪ್ಪು ಇಲ್ಲ ಅಂತಾರೇನ್ರಿ ಯಾರರ?"

"ಮತ್ತ ಪುಡಿ? ನಿಮಗ ಕೊಟ್ಟ ಪುಡಿ ಅಷ್ಟು ಮನಿಗೆ ಹ್ಯಾಂಗ ಸಾಲ್ತು?"

ಹುಲಿಗೆಮ್ಮ ಎದ್ದು ಅಡಕಲು ಗಡಿಗೆಗಳ ಹಿಂದೆ ಕೈಹಾಕಿ ಡಬ್ಬಿಗಳನ್ನು ತಂದು ಮುಂದಿಟ್ಟಳು. ಒಂದು ತೆರೆದದ್ದು, ಉಳಿದವು ಮುಚ್ಚಳದ ಮೇಣವೂ ಒಡೆಯದವು.

"ಬೈಬ್ಯಾಡ್ರಿ ಮತ್ತ. ಅದನ್ನ ಹಾಕಿದ್ರ ಮೊಸರು ಕಮಟು ಹೊಡೀತದ. ನಮ್ಮನಿಯವ್ರು ಗಂಗಾಳ ಹಿಂದಕ್ಕ ದೂಡಿದ್ರು. ಅದಕ್ಕ ಬಿಟ್ಟುಬಿಟ್ಟೆ. ನಮ್ಮ ಹಳೀ ಹೆಪ್ಪಿನ ಗಡಿಗ್ಯಾಗ ನಿಮ್ಮದೂ ಒಂದೀಟು ಕೂಡಿಸಿದೆ. ಛಲೋ ಹೆಪ್ಪುಗಟ್ಟಿತು."

ರಜಿಯಾ ಮೇಣ ಒಡೆಯದ ಒಂದು ಡಬ್ಬಿಯನ್ನು ಕೈಗೆತ್ತಿಕೊಂಡಳು. ಪುಡಿಯಿಲ್ಲದೆ ಎಂದೋ ಸಾಯಬೇಕಾದ ಜೀವಾಣು ತಿಂಗಳುಗಟ್ಟಲೆ ಬದುಕಿತ್ತು, ಊರೆಲ್ಲ ಹಬ್ಬಿತ್ತು. ಕೇಂದ್ರದ ಬೀಗ ಯಾವತ್ತೋ ಕಳಚಿ ಬಿದ್ದಿತ್ತು.

ಅಷ್ಟರಲ್ಲಿ ಅಂಗಳದಲ್ಲಿ ಕೂಗು ಕೇಳಿತು. ಆದೆಪ್ಪನ ಹೆಂಡತಿ ನರಸಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತಿದ್ದಳು. ಕೈಯಲ್ಲಿ ಮೊಸರಿನ ಬಟ್ಟಲಿತ್ತು.

"ತಗೋ ನಿನ್ನ ಹೆಪ್ಪು" ಎಂದು ಅದನ್ನು ಹೊಸ್ತಿಲ ಮೇಲೆ ಕುಕ್ಕಿದಳು. "ನನ್ನ ಗಂಡ ಇವತ್ತು ಹೊಳಿ ಪಾಲಾಗ್ತಿದ್ದ. ಕೊಡ್ತಾಳಂತ, ದೊಡ್ಡ ಧರ್ಮಾತ್ಮಳು. ಕೊಡಾಕ ಬಂದ್ರ ಸಾಕೇನು? ಕೊಟ್ಟಿದ್ದು ಏನಂತ ಹೇಳಾಕ ಬರಬಾರದೇನು?"

ಹುಲಿಗೆಮ್ಮಳ ಮುಖದ ನಗು ಆರಿತು. ಬಗ್ಗಿ ಬಟ್ಟಲನ್ನು ಎತ್ತಿಕೊಂಡಳು. ನರಸಮ್ಮ ತಿರುಗಿ ನೋಡದೆ ಹೋದಳು. ಒಂದೇ ಮನೆಗೆ ಸೊಸೆಯರಾಗಿ ಬಂದು ಜೊತೆಯಾಗಿ ಬಾಳಿದ ನೆಗೆಣ್ಣಿಯರ ನಡುವೆ ಅಂದಿನಿಂದ ಮಾತು ನಿಂತಿತು.

ಊರ ದಿಬ್ಬದ ಮೇಲೆ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ರಜಿಯಾ ನಡೆದದ್ದನ್ನೆಲ್ಲ ಹೇಳಿದಳು. ಗೋವರ್ಧನರು ಕಡೆಯವರೆಗೆ ಕೇಳಿಸಿಕೊಂಡರು.

"ನಿಯಮ ಏನು ಹೇಳುತ್ತೆ ಗೊತ್ತಲ್ಲ ರಜಿಯಾ. ತಪ್ಪಿಸಿಕೊಂಡರೆ ನಾಶ ಮಾಡಬೇಕು. ಎಲ್ಲರ ಮನೆ ಮೊಸರು ತರಿಸಿ ಕುದಿಸು. ಗಡಿಗೆ ಸುಡಿಸು."

"ಸುಡಿಸೋದಿಲ್ಲ ಸರ್."

"ಏನಂದೆ?"

"ಸುಡು ಅಂದ್ರೆ ಬಚ್ಚಿಡ್ತಾರೆ. ಬಚ್ಚಿಟ್ಟು ಉಣ್ತಾರೆ. ಆಮೇಲೆ ಇನ್ನೊಬ್ಬ ಆದೆಪ್ಪ ಬಿದ್ದಾಗ ಮೊಸರು ಉಂಡಿದ್ದೆ ಅಂತ ಯಾರೂ ಬಾಯಿ ಬಿಡೋದಿಲ್ಲ. ಬಹಳ ಜನ ಗುಳಿಗೆ ಬಿಟ್ಟಿದ್ದಾರೆ ಸರ್. ಇವತ್ತು ಮೊಸರು ಕಿತ್ತುಕೊಂಡರೆ, ಹೊಳೆ ತುಂಬಿದ ಮೇಲೆ ಇವರಿಗೆ ಎರಡೂ ಇರೋದಿಲ್ಲ. ನನಗೆ ಸ್ವಲ್ಪ ದಿನ ಕೊಡಿ."

"ಇದರ ಹೊಣೆ ನಿನ್ನ ಮೇಲೆ ಬರುತ್ತಮ್ಮ."

"ಬರಲಿ ಸರ್."

ಅಷ್ಟು ಧೈರ್ಯ ತನ್ನಲ್ಲಿ ಎಲ್ಲಿಂದ ಬಂತೆಂದು ಅವಳಿಗೇ ಸೋಜಿಗವಾಯಿತು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನಿಸಲಿಲ್ಲ.

ಮರುದಿನ ಹೊಳೆ ಕೆಂಪಾಗಿ ಏರಿತು. ಹರಿಗೋಲುಗಳನ್ನು ಮಗುಚಿ ಕಟ್ಟಿದರು. ರಜಿಯಾ ನಡುಗಡ್ಡೆಯಲ್ಲೇ ಉಳಿದಳು. ಶಾಲೆಯ ಪಡಸಾಲೆಯಲ್ಲಿ ಊರವರನ್ನು ಕೂಡಿಸಿ ಯಾವುದನ್ನೂ ಮುಚ್ಚಿಡದೆ ಹೇಳಿದಳು. ಈ ಮೊಸರು ಔಷಧ. ಒಬ್ಬರಿಗೆ ಒಳ್ಳೆಯದಾದದ್ದು ಜೋರು ಗುಳಿಗೆ ನುಂಗುವ ಇನ್ನೊಬ್ಬರನ್ನು ಕೆಡವಬಹುದು. ಪಟ್ಟಣದಲ್ಲಿ ದೊಡ್ಡವರು ಇದನ್ನು ಸುಡಬೇಕು ಅನ್ನುತ್ತಿದ್ದಾರೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಕೂತಿದ್ದ ಹುಲಿಗೆಮ್ಮ ಎದ್ದಳು. ಅಂದು ಅವಳ ದನಿ ದೊಡ್ಡದಿರಲಿಲ್ಲ.

"ಸುಡ್ರಿ ಅಂದ್ರ ನಾನೇ ಮೊದಲು ನನ್ನ ಗಡಿಗಿ ಒಲಿಗೆ ಹಾಕ್ತೀನ್ರಿ. ತಪ್ಪು ನಂದೇ ಅದ. ಆದರ ಮೇಡಮ್ಮಾರ, ಊರಾಗಿಂದು ಸುಟ್ರ ಆಗೋದಿಲ್ಲ. ನನ್ನ ಮಗಳು ಗಂಡನ ಮನಿಗೆ ಹೋಗುವಾಗ ಹೆಪ್ಪು ಒಯ್ದಾಳ. ಅಗಸೀ ಬಾಗಲ ಹತ್ರದ ಮನಿ ಹುಡುಗೀನೂ ಒಯ್ದಾಳ. ಹೊಳಿ ಆಚಿಗೆ ಅದು ಎಷ್ಟು ಊರು ದಾಟ್ಯದೋ ಯಾರು ಬಲ್ರು."

ರಜಿಯಾಳಿಗೆ ಆಗ ದಾರಿ ಸ್ಪಷ್ಟವಾಯಿತು. ಇದನ್ನು ಹಿಂದಕ್ಕೆ ಕರೆಯಲು ಸಾಧ್ಯವಿಲ್ಲ. ಹೆಪ್ಪು ಹೋದಲ್ಲೆಲ್ಲ ಅದರ ಎಚ್ಚರಿಕೆಯೂ ಹೋಗಬೇಕು.

"ಹಂಗಾದ್ರ ಹೆಪ್ಪು ಕೊಡೋರು ಇನ್ನ ಮ್ಯಾಲ ಒಂದು ಮಾತು ಕೇಳಿ ಕೊಡಬೇಕು" ಎಂದಳು. "ಯಾವ ಗುಳಿಗಿ ನುಂಗ್ತೀ ಅಂತ. ನುಂಗೋರು ಅಂದ್ರ ಮೊದಲು ಅಮರೇಶನ ಹತ್ರ ಕಳಿಸಬೇಕು. ಅವನು ನೋಡಿದ ಮ್ಯಾಲೇ ಹೆಪ್ಪು."

ಮುಂದಿನ ದಿನಗಳಲ್ಲಿ ಅವಳು ಮತ್ತು ಅಮರೇಶ ಮನೆ ಮನೆ ತಿರುಗಿದರು. ಗುಳಿಗೆ, ಮೊಸರು ಎರಡೂ ತೆಗೆದುಕೊಳ್ಳುತ್ತಿದ್ದವರನ್ನು ಹುಡುಕಿ, ತಾಲ್ಲೂಕಿನ ವೈದ್ಯರನ್ನು ಫೋನಿನಲ್ಲಿ ಕೇಳಿ, ಕೆಲವರ ಗುಳಿಗೆ ನಿಲ್ಲಿಸಿದರು, ಕೆಲವರದು ಅರ್ಧ ಮಾಡಿದರು. ಹುಲಿಗೆಮ್ಮ ಅವರ ಮುಂದೆ ಮುಂದೆ ನಡೆದಳು. ತಾನು ಹೆಪ್ಪು ಕೊಟ್ಟ ಮನೆಗಳಿಗೆ ಮತ್ತೆ ಹೋಗಿ, ಕೊಟ್ಟಾಗ ಹೇಳದ ಮಾತನ್ನು ಈಗ ಹೇಳಿದಳು. ನರಸಮ್ಮನ ಮನೆಯೊಳಕ್ಕೆ ಮಾತ್ರ ಕಾಲಿಡಲಿಲ್ಲ. ಅಲ್ಲಿಗೆ ರಜಿಯಾಳೇ ಹೋದಳು. ಆದೆಪ್ಪ ಚೇತರಿಸಿಕೊಂಡು ಹಗ್ಗ ಹೊಸೆಯುತ್ತಾ ಕೂತಿದ್ದ. ಗುಳಿಗೆ ಬಿಟ್ಟು ಬರೀ ಮೊಸರು ಉಣ್ಣಬಹುದು, ಅದರಿಂದ ಬೀಳುವ ಭಯವಿಲ್ಲ ಎಂದು ಬಿಡಿಸಿ ಹೇಳಿದಾಗ ನರಸಮ್ಮ ಎದ್ದು ಗಡಿಗೆಯ ಮುಚ್ಚಳ ತೆಗೆದು ನೋಡಿದಳು.

"ಹೆಪ್ಪು ಉಳದದ್ರಿ ಗಡಿಗ್ಯಾಗ" ಎಂದಳು. "ಅಕಿ ಕೊಟ್ಟಿದ್ದು ಅಂತ ಅಲ್ಲ. ನಿಮ್ಮದು ಅಂತ ಇಟ್ಕೋತೀನಿ."

ಹೊಳೆ ಇಳಿದಾಗ ರಜಿಯಾ ಮನೆಮನೆಯ ಮೊಸರನ್ನು ಪುಟ್ಟ ಸೀಸೆಗಳಲ್ಲಿ ತುಂಬಿಕೊಂಡು ರಾಯಚೂರಿಗೆ ಮರಳಿದಳು.

ಬೀಗ ಕಳಚಿದ್ದು ಹೇಗೆಂಬುದು ಬೇಗ ತಿಳಿಯಿತು. ಹುಲಿಗೆಮ್ಮಳ ಹಳೆಯ ಹೆಪ್ಪಿನಲ್ಲಿದ್ದ ಒಂದು ಕಾಡು ಜೀವಾಣು, ಪುಡಿಯಲ್ಲಿದ್ದ ಆ ಪೋಷಕಾಂಶವನ್ನು ತಾನೇ ತಯಾರಿಸಿ ಹೊರಗೆ ಚೆಲ್ಲುತ್ತಿತ್ತು. ಔಷಧದ ಜೀವಾಣು ಅದರ ಪಕ್ಕದಲ್ಲಿ ಕೂತು ಉಂಡು ಬೆಳೆದಿತ್ತು. ಗೋವರ್ಧನರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ನೆರೆಮನೆಯವರು ಸಾಕಿದ್ದಾರೆ ಇದನ್ನ" ಎಂದರು. ಸಿಟ್ಟಿನ ನಡುವೆಯೂ ಅವರ ದನಿಯಲ್ಲಿ ಒಂದು ಬಗೆಯ ಮೆಚ್ಚಿಗೆಯಿತ್ತು.

ಆದರೆ ರಜಿಯಾಳನ್ನು ಕಾಡಿದ್ದು ಬೇರೊಂದು ಸಂಗತಿ. ಆ ಪುಟ್ಟ ಪ್ರೋಟೀನನ್ನು ಮಾಡುವುದು ಜೀವಾಣುವಿಗೆ ದುಬಾರಿ ಕೆಲಸ. ಅದನ್ನು ಮಾಡುವ ವಿದ್ಯೆ ಮರೆತ ಒಂದು ಜೀವಾಣು ಹುಟ್ಟಿದರೆ, ದುಡಿಯದೆ ಉಣ್ಣುವ ಅದು ಉಳಿದವುಗಳಿಗಿಂತ ಬೇಗ ಬೆಳೆದು ಗಡಿಗೆಯನ್ನೇ ತುಂಬಿಬಿಡುತ್ತದೆ. ಆಗ ಹೆಪ್ಪು ಮೂಕವಾಗುತ್ತದೆ. ನೋಡಲು ಅದೇ ಮೊಸರು, ಅದೇ ರುಚಿ, ಒಳಗೆ ಔಷಧವಿಲ್ಲ. ಲೆಕ್ಕದ ಪ್ರಕಾರ ನೀರಲಗಡ್ಡಿಯ ಮೊಸರು ಇಷ್ಟರಲ್ಲಿ ಮೂಕವಾಗಬೇಕಿತ್ತು. ಆಗಿರಲಿಲ್ಲ. ಯಾಕೆ?

ಅವಳು ಪ್ರಯೋಗಾಲಯದ ಬೆಚ್ಚನೆಯ ಕಪಾಟಿನಲ್ಲಿ ಸೀಸೆಗಳನ್ನು ಎರಡು ಸಾಲು ಜೋಡಿಸಿದಳು. ಒಂದು ಸಾಲಿನಲ್ಲಿ ಪ್ರತಿ ಸೀಸೆಗೂ ಅದರದೇ ಹೆಪ್ಪು, ಹೊರಗಿನ ಸಂಪರ್ಕವಿಲ್ಲ, ನಿಯಮ ಹೇಳಿದಂತೆ. ಇನ್ನೊಂದು ಸಾಲಿನಲ್ಲಿ ಊರಿನ ರೂಢಿ: ಆಗಾಗ ಪ್ರೋಟೀನು ಹೆಚ್ಚಿರುವ ಸೀಸೆಯಿಂದ ತೆಗೆದು ಪಕ್ಕದವಕ್ಕೆ ಹಾಕುವುದು. ನೀರಲಗಡ್ಡಿಯಲ್ಲಿ ನಡೆಯುತ್ತಿದ್ದದ್ದೂ ಅದೇ. ಅಮರೇಶ ವಾರವಾರ ಸಕ್ಕರೆ ನೋಡುತ್ತಿದ್ದುದರಿಂದ ಯಾರು ಆರಾಮಾಗಿದ್ದಾರೆಂದು ಊರಿಗೆಲ್ಲ ಗೊತ್ತು. ಹೆಪ್ಪು ಕೆಟ್ಟವರು, ಮೊಸರು ಚೆಲ್ಲಿಕೊಂಡವರು ಅಂಥವರ ಮನೆಗೇ ಬಟ್ಟಲು ಹಿಡಿದು ಹೋಗುತ್ತಿದ್ದರು.

ಚಳಿಗಾಲ ಬರುವುದರೊಳಗೆ ಉತ್ತರ ಸಿಕ್ಕಿತು. ನಿಯಮ ಪಾಲಿಸಿದ ಸೀಸೆಗಳು ಒಂದೊಂದಾಗಿ ಮೂಕವಾದವು. ಹಂಚಿಕೊಂಡ ಸೀಸೆಗಳು ಮೊದಲಿನಷ್ಟೇ ಜೋರಾಗಿ ಮಾತಾಡುತ್ತಿದ್ದವು.

ಅಂದು ಸಂಜೆ ಮನೆಗೆ ಬಂದಾಗ ಅವಳ ಅಪ್ಪ ದಾವಲಸಾಬ ಪಡಸಾಲೆಯಲ್ಲಿ ಕೂತು ಅರಳೆ ಬಿಡಿಸುತ್ತಿದ್ದ. ಊರಿಗೆಲ್ಲ ಗಾದಿ ಮಾಡಿಕೊಟ್ಟ ಮನುಷ್ಯ. ಸಕ್ಕರೆ ಕಣ್ಣು ತಿಂದ ಮೇಲೆ ಬರೀ ಬೆರಳಿನಿಂದ ಕೆಲಸ ಮಾಡುತ್ತಿದ್ದ. ಮಗಳು ಉತ್ಸಾಹದಿಂದ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಆ ಊರ ಮಂದಿ ಎಲ್ಲಾ ಉಂಡು ಆರಾಮ ಆಗ್ಯಾರ ಅಂತಿ. ನನಗ ಯಾಕ ತರಲಿಲ್ಲವ್ವ ಒಂದು ಬಟ್ಟಲಾ?"

ಅವಳು ಅಪ್ಪನ ಪಕ್ಕ ಕೂತಳು. "ಮನಿಯವರಿಗೆ ಕೊಡಬಾರದು ಅಂತ ನಿಯಮ ಅದ ಅಬ್ಬಾ."

ದಾವಲಸಾಬ ಅರಳೆಯಲ್ಲಿ ಸಿಕ್ಕ ಒಂದು ಬೀಜವನ್ನು ಆರಿಸಿ ಪಕ್ಕಕ್ಕಿಟ್ಟ. "ನಿಯಮ ಮುರೀಬ್ಯಾಡ" ಎಂದ. "ಮುರಿದದ್ದು ನಮ್ಮೊಬ್ಬರ ಮನಿಗೆ ಬರ್ತದ. ಬದಲಿ ಮಾಡಿಸಿದ್ರ ಎಲ್ಲಾರ ಮನಿಗೂ ಹೋಗ್ತದ. ಅದನ್ನ ಮಾಡಾಕ ಬರ್ತದೇನು ನೋಡು."

ನಿಯಮ ಬದಲಿಸಿ ಎಂದು ಕೇಳಲು ರಜಿಯಾ ಇಂಥ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಜೈವಿಕ ಸುರಕ್ಷತೆಯ ಸಮಿತಿಯ ಮುಂದೆ ನಿಂತಳು. ಉದ್ದನೆಯ ಮೇಜಿನ ಆಚೆ ಕೂತವರಲ್ಲಿ ಒಬ್ಬರು, "ನಿಮ್ಮ ನಿರ್ಲಕ್ಷ್ಯದಿಂದ ಒಬ್ಬ ಮನುಷ್ಯ ಸಾಯುತ್ತಿದ್ದ" ಎಂದರು.

"ಹೌದು. ನಾನು ಅವನ ಜೊತೆ ಹರಿಗೋಲಿನಲ್ಲಿದ್ದೆ" ಎಂದಳು ರಜಿಯಾ. ನಡೆದದ್ದನ್ನು ಬಣ್ಣ ಕಟ್ಟದೆ ಹೇಳಿದಳು. ಗುಳಿಗೆಯ ವಿಷಯ ವಿಚಾರಿಸುವ ಪದ್ಧತಿ ಬಂದ ಮೇಲೆ ಊರಲ್ಲಿ ಯಾರೂ ಬಿದ್ದಿಲ್ಲ ಎಂಬುದನ್ನು ಹೇಳಿದಳು. ಸಕ್ಕರೆ ಕಾಯಿಲೆ ಇಲ್ಲದ ಮಕ್ಕಳು, ಮುದುಕರು ಅದೇ ಮೊಸರು ಉಂಡು ಹೇಗಿದ್ದಾರೆಂದು ತೋರಿಸಿದಳು. ಆಮೇಲೆ ಎರಡು ಸಾಲು ಸೀಸೆಗಳ ಚಿತ್ರ ಹಾಕಿದಳು.

ಕಠಿಣ ಪ್ರಶ್ನೆ ಬಂದದ್ದು ಅವಳ ಗುರುವಿನಿಂದಲೇ. "ಬೀಗವೇ ಇಲ್ಲದ ಜೀವಿ. ನಾಳೆ ಅದು ಸಕ್ಕರೆ ಇಲ್ಲದಾಗಲೂ ಪ್ರೋಟೀನು ಬಿಡೋಕೆ ಶುರು ಮಾಡಿದರೆ?" ಎಂದು ಗೋವರ್ಧನರು ಕೇಳಿದರು.

"ಅಂಥವನ್ನ ನಾನೇ ಮಾಡಿ ಗಡಿಗೆಗೆ ಬಿಟ್ಟು ನೋಡಿದೆ ಸರ್. ದುಂದು ಮಾಡುವ ಜೀವಾಣು ಉಳಿದವುಗಳ ಜೊತೆ ಪೈಪೋಟಿ ಮಾಡಲಾರದೆ ಬೇಗ ಅಳಿಯುತ್ತೆ. ಒಂದು ವೇಳೆ ಉಳಿದರೂ, ಸಕ್ಕರೆ ಇಲ್ಲದಾಗ ಮೈಯೇ ಆ ಪ್ರೋಟೀನಿನ ಮಾತು ಕೇಳೋದಿಲ್ಲ. ನಿಜವಾದ ಅಪಾಯ ಇದು ಜಾಸ್ತಿ ಕೆಲಸ ಮಾಡೋದಲ್ಲ. ಗೊತ್ತಾಗದ ಹಾಗೆ ಕೆಲಸ ನಿಲ್ಲಿಸೋದು. ಒಂದೇ ಮನೆಯಲ್ಲಿ ಬೀಗ ಹಾಕಿಟ್ಟರೆ ಅದು ನಿಂತೇ ನಿಲ್ಲುತ್ತೆ. ಊರು ಹಂಚಿಕೊಂಡರೆ ಬದುಕುತ್ತೆ. ಯಾವುದನ್ನ ನಾವು ತಪ್ಪು ಅಂತ ಬರೆದಿದ್ದೆವೋ ಅದೇ ಇದರ ಕಾವಲು."

ಗೋವರ್ಧನರು ಕನ್ನಡಕ ತೆಗೆದು ಒರೆಸಿಕೊಂಡರು. ಸಮಿತಿಯ ಕಡೆ ತಿರುಗಿದರು. "ಬೀಗ ಹಾಕಿದವನು ನಾನು" ಎಂದರು. "ಅದನ್ನ ಬಿಟ್ಟುಕೊಡೋದು ನನಗೆ ಸುಲಭ ಅಲ್ಲ. ಆದರೆ ಈ ಹುಡುಗಿ ಹೇಳ್ತಿರೋದು ಸರಿ."

ಒಪ್ಪಿಗೆ ಪೂರ್ತಿಯಾಗಿ ಸಿಗಲಿಲ್ಲ. ಹೆಪ್ಪು ಆಗಲೇ ಹಬ್ಬಿರುವ ಹೊಳೆದಂಡೆಯ ಹಳ್ಳಿಗಳಲ್ಲಿ ಮಾ‍ತ್ರ, ಪ್ರತಿ ಊರಿಗೂ ಒಬ್ಬ ನರ್ಸು ಇದ್ದರೆ ಮಾತ್ರ, ವರ್ಷದ ಮಟ್ಟಿಗೆ. ರಜಿಯಾಳಿಗೆ ಅಷ್ಟು ಸಾಕಿತ್ತು. ಆ ವರ್ಷ ಅವಳ ತಂಡ ಒಂದು ಕಾಗದದ ಪಟ್ಟಿ ಮಾಡಿತು. ಮೊಸರಿನಲ್ಲಿ ಅದ್ದಿದರೆ, ಔಷಧ ಇದ್ದರೆ ನೀಲಿ. ಹೆಪ್ಪು ಮೂಕವಾಗಿದ್ದರೆ ಪಟ್ಟಿ ಬಿಳಿಯಾಗಿಯೇ ಉಳಿಯುತ್ತದೆ.

ಜೋಳದ ರಾಶಿ ಮುಗಿದ ಮೇಲೆ ಅವಳು ಪಟ್ಟಿಗಳ ಕಟ್ಟು ಹಿಡಿದು ನೀರಲಗಡ್ಡಿಗೆ ಹೋದಳು. ಹೆಂಗಸರು ಗಡಿಗೆಗಳನ್ನು ಶಾಲೆಯ ಪಡಸಾಲೆಗೆ ಹೊತ್ತು ತಂದರು. ಒಂದೊಂದೇ ಪಟ್ಟಿ ನೀಲಿಯಾಗುತ್ತಿದ್ದಂತೆ ಮಾತು, ನಗು ಏರಿತು. ಹುಲಿಗೆಮ್ಮ ತನ್ನ ಗಡಿಗೆಗೆ ಪಟ್ಟಿ ಅದ್ದಿ ಮೇಲೆತ್ತಿದಳು. ಬಿಳಿ. ಇನ್ನೊಂದು ಅದ್ದಿದಳು. ಅದೂ ಬಿಳಿ.

"ಪಟ್ಟಿ ಸರಿ ಇಲ್ಲೇನೋ" ಎಂದರು ಯಾರೋ, ಅವಳ ಮುಖ ನೋಡಲಾರದೆ.

ಪಟ್ಟಿ ಸರಿಯಾಗಿತ್ತು. ಊರಿಗೆಲ್ಲ ಹೆಪ್ಪು ಕೊಟ್ಟವಳು ಯಾರ ಹತ್ತಿರವೂ ಹೆಪ್ಪು ತಂದಿರಲಿಲ್ಲ. ಅವಳ ಗಡಿಗೆಗೆ ಹೊರಗಿನ ತೊಟ್ಟು ಬಿದ್ದಿರಲಿಲ್ಲ. ವಾರದಿಂದ ತನ್ನ ಸಕ್ಕರೆ ಏರುತ್ತಿರುವುದನ್ನು ಕಂಡೂ ಹುಲಿಗೆಮ್ಮ, ರಾಶಿಯ ದಣಿವೆಂದು ಸುಮ್ಮನಿದ್ದಳು. ರಜಿಯಾ ಅವಳ ಹೆಗಲ ಮೇಲೆ ಕೈಯಿಟ್ಟಳು. ಎಲ್ಲ ಪಟ್ಟಿಗಳಿಗಿಂತ ಗಾಢ ನೀಲಿಯಾದದ್ದು ಯಾರ ಗಡಿಗೆಯೆಂದು ಅಲ್ಲಿದ್ದವರೆಲ್ಲ ನೋಡಿದ್ದರು. ಅದು ನರಸಮ್ಮನದು.

ಹುಲಿಗೆಮ್ಮ ತನ್ನ ಗಡಿಗೆಯ ಬಾಯಿ ಮುಚ್ಚಿದಳು. ಆಮೇಲೆ ಮನೆಗೆ ಹೋಗಿ ಒಂದು ಬಟ್ಟಲು ತೊಳೆದು ತಂದಳು. ಪಡಸಾಲೆಯನ್ನು ದಾಟಿ ನೆಗೆಣ್ಣಿಯ ಮುಂದೆ ಬಂದು ನಿಂತಳು.

"ಏನು?" ಎಂದಳು ನರಸಮ್ಮ.

"ಹೆಪ್ಪು ಬೇಕಾಗಿತ್ತು."

ನರಸಮ್ಮ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಸೌಟನ್ನು ಕೈಗೆ ತೆಗೆದುಕೊಂಡಳು, ಆದರೆ ಗಡಿಗೆಗೆ ಇಳಿಸಲಿಲ್ಲ.

"ಗುಳಿಗಿ ಏನರ ನುಂಗ್ತಿಯೇನು?"

"ಇಲ್ಲ."

"ಆಚಿ ದಂಡಿ ಸಂತ್ಯಾಗ ಯಾರರ ಕೊಟ್ಟಿದ್ದು?"

"ಇಲ್ಲವ್ವ. ಯಾವುದೂ ಇಲ್ಲ."

"ಖರೇ ಹೇಳು. ಸುಳ್ಳು ಹೇಳಿದ್ರ ಬೀಳೋಕಿ ನೀನು, ಮಾತು ಕೇಳೋಕಿ ನಾನು."

"ಖರೇನೇ ಹೇಳೀನಿ" ಎಂದಳು ಹುಲಿಗೆಮ್ಮ, ಕಣ್ಣು ತುಂಬಿಕೊಂಡು.

ನರಸಮ್ಮ ಸೌಟು ಇಳಿಸಿ ಗಟ್ಟಿ ಕೆನೆಯಿದ್ದ ಕಡೆಯಿಂದಲೇ ತೆಗೆದಳು. ಹೆಪ್ಪಿಗೆ ಬೇಕಾದದ್ದು ಒಂದು ಚಮಚ. ಅವಳು ಬಟ್ಟಲು ತುಂಬಾ ಹಾಕಿದಳು.